ಇಪ್ಪತ್ತು ಫ್ರೇಮಿನಷ್ಟು ಮನುಷ್ಯ

ನಾನು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಶ್ವೇತಾ ಎಂಬ ಮೈಸೂರಿನ ಹುಡುಗಿ ಕೂರುತ್ತಾಳೆ. ಡ್ರೆಸ್ಡೆನ್ನಿನಲ್ಲಿ ಓದಿ ಬಂದವಳು, ಚುರುಕು. ಅವಳ ಮುಂದೆ ಎರಡು ದೊಡ್ಡ ಪರದೆಗಳಿವೆ. ನನ್ನ ಕಾಲದಲ್ಲಿ ಅಲ್ಲಿ ಎರಡು ಚಕ್ರ, ಒಂದು ದೀಪ, ಒಂದು ಜೊತೆ ಬಿಳಿ ಕೈಗವಸು ಇದ್ದವು. ಕೈಗವಸು ನಾನು ಹಾಕುತ್ತಿರಲಿಲ್ಲ, ಅದು ಬೇರೆ ಮಾತು. ಅವಳಿಗೂ ಅವಳ ನಂತರ ಬರುವವರಿಗೂ ಈ ಕೆಲಸ ನಿಜವಾಗಿ ಹೇಗಿತ್ತು ಎಂದು ತಿಳಿದಿರಲಿ ಎಂದು ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾರು ಏನು ಹೊಗಳಿದರು ಎಂಬುದೆಲ್ಲ ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೇಕೆ?

ಮದ್ರಾಸಿನ ಒಂದು ಫಿಲ್ಮ್ ಲ್ಯಾಬಿನಲ್ಲಿ ನೆಗೆಟಿವ್ ಕತ್ತರಿಸುವವರ ಕೈಕೆಳಗೆ ಕಲಿತವನು ನಾನು. ಆರು ತಿಂಗಳ ತರಬೇತಿಗೆಂದು ಬರ್ಲಿನ್ನಿಗೆ ಬಂದು ಇಲ್ಲೇ ಉಳಿದುಬಿಟ್ಟೆ. ಗೋಡೆ ಬಿದ್ದ ಮೇಲೆ ಪೂರ್ವದ ಕಡೆಯಿಂದ ಲಾರಿಗಟ್ಟಲೆ ಫಿಲ್ಮ್ ಡಬ್ಬಗಳು ಬಂದವು. ಅವನ್ನು ಬಿಡಿಸಿ ನೋಡುವುದಕ್ಕೆ ಜನ ಬೇಕಾಗಿತ್ತು, ಒಂದು ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ನನಗೆ ಕೆಲಸ ಸಿಕ್ಕಿತು. ರೀಲನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸುತ್ತುವುದು, ಸುತ್ತುವಾಗ ಅಂಚನ್ನು ಬೆರಳಲ್ಲಿ ಹಿಡಿದು ಎಲ್ಲಿ ಹರಿದಿದೆ, ಎಲ್ಲಿ ಜಾಯಿಂಟು ಹಾಕಿದೆ ಎಂದು ನೋಡುವುದು, ಕೊಳೆಯುತ್ತಿರುವ ಫಿಲ್ಮಿನ ಹುಳಿ ವಾಸನೆ ಬರುತ್ತಿದ್ದರೆ ಬೇರೆ ಇಡುವುದು, ಕೊನೆಗೆ ಬೆಫುಂಡ್ ಎಂಬ ತಪಾಸಣಾ ಹಾಳೆ ತುಂಬಿ ಸಹಿ ಹಾಕುವುದು. ಆ ಹಾಳೆಯ ಕೊನೆಯಲ್ಲಿ ಒಂದು ಪ್ರಶ್ನೆ ಇರುತ್ತಿತ್ತು: ಪ್ರತಿ ಪೂರ್ಣವಾಗಿದೆಯೇ? ಹೌದು, ಅಥವಾ ಇಲ್ಲ. ಈ ಬರಹವೆಲ್ಲ ಆ ಒಂದು ಪ್ರಶ್ನೆಯ ಬಗ್ಗೆಯೇ.

ನನಗೆ ಕೆಲಸ ಕಲಿಸಿದವರು ಫ್ರಾವ್ ಲೇಮನ್. ನನ್ನ ಮೇಲಧಿಕಾರಿ. ಕುಳ್ಳಗಿನ ಹೆಂಗಸು, ನಗುತ್ತಿದ್ದುದು ವರ್ಷಕ್ಕೊಮ್ಮೆ. ಮೊದಲ ವಾರವೇ ಒಂದು ಪೋಲಿಷ್ ಚಿತ್ರದ ರೀಲು ಕೊಟ್ಟು, "ನೋಡಿ, ಇದರಲ್ಲಿ ಏನು ಕಾಣೆಯಾಗಿದೆ ಅಂತ ಹೇಳಿ" ಎಂದರು.

ಎಡಿಟಿಂಗ್ ಟೇಬಲ್ಲಿಗೆ ಹಾಕಿ ನೋಡಿದೆ. ಹೆಂಗಸೊಬ್ಬಳು ಖಾಲಿ ಚೀಲ ಹಿಡಿದು ಮನೆಯಿಂದ ಹೊರಡುತ್ತಾಳೆ. ಮುಂದಿನ ದೃಶ್ಯದಲ್ಲಿ ಅದೇ ಖಾಲಿ ಚೀಲ ಹಿಡಿದು ಅಡುಗೆಮನೆಯಲ್ಲಿ ನಿಂತು ಅಳುತ್ತಾಳೆ. ಎಲ್ಲಿಗೆ ಹೋಗಿದ್ದಳು, ಯಾಕೆ ಅಳುತ್ತಾಳೆ, ಗೊತ್ತಾಗುವುದಿಲ್ಲ. ಅಡುಗೆಮನೆಯಲ್ಲಿ ಅವಳೊಬ್ಬಳೇ ಇದ್ದಾಳೆ, ಆದರೆ ದೃಶ್ಯ ಶುರುವಾದ ಕೂಡಲೇ ಒಂದು ಕ್ಷಣ ನೂರಾರು ಜನರ ಗುಜುಗುಜು ಕೇಳಿ ನಿಂತುಹೋಗುತ್ತದೆ. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಮತ್ತೆ ಅದೇ ಗುಜುಗುಜು.

"ಮಾಂಸದಂಗಡಿಯ ಕ್ಯೂ" ಎಂದರು ಫ್ರಾವ್ ಲೇಮನ್. "ಸಮಾಜವಾದದಲ್ಲಿ ಕ್ಯೂ ಇರಬಾರದಲ್ಲ, ಅದಕ್ಕೆ ಸೆನ್ಸಾರಿನವರು ತೆಗೆಸಿದ್ದಾರೆ. ಜನ ಹೋದರು. ಸದ್ದು ಉಳಿಯಿತು."

ಯಾಕೆ ಉಳಿಯಿತು ಎಂದು ಅವರು ಆವತ್ತೇ ಹೇಳಿಕೊಟ್ಟರು. ಪ್ರೊಜೆಕ್ಟರಿನಲ್ಲಿ ಚಿತ್ರಕ್ಕೆ ಬೆಳಕು ಬೀಳುವ ಜಾಗ ಬೇರೆ, ಸದ್ದನ್ನು ಓದುವ ಜಾಗ ಬೇರೆ. ನಡುವೆ ಇಪ್ಪತ್ತು ಫ್ರೇಮಿನ ಅಂತರ. ಹಾಗಾಗಿ ಒಂದು ಚಿತ್ರದ ಸದ್ದು ಅದರ ಪಕ್ಕದಲ್ಲೇ ಅಚ್ಚಾಗಿರುವುದಿಲ್ಲ, ಇಪ್ಪತ್ತು ಫ್ರೇಮು ಮುಂಚೆಯೇ ಹೋಗಿ ಕೂತಿರುತ್ತದೆ. ಕತ್ತರಿ ಹಿಡಿದವನು ಚಿತ್ರ ನೋಡಿ ಕತ್ತರಿಸುತ್ತಾನೆ. ತೆಗೆದ ತುಂಡಿನ ಮೊದಲ ಸದ್ದು, ಒಂದು ಸೆಕೆಂಡಿಗೂ ಕಡಿಮೆ, ಅದರ ಹಿಂದಿನ ತುಂಡಿನ ಅಂಚಿನಲ್ಲಿ ಉಳಿದುಬಿಡುತ್ತದೆ. ಪ್ರೊಜೆಕ್ಟರಿಗೆ ಹಾಕಿದಾಗ ಕತ್ತರಿಸಿದ ಜಾಗದ ನಂತರದ ಚಿತ್ರದ ಮೇಲೆ ಅದು ಕೇಳುತ್ತದೆ. ಸ್ಟುಡಿಯೋದಲ್ಲೇ ಕತ್ತರಿಸಿ ಸದ್ದನ್ನು ಹೊಸದಾಗಿ ಸೇರಿಸಿದರೆ ಈ ಕುರುಹು ಇರುವುದಿಲ್ಲ. ಎಲ್ಲೋ ಒಂದು ಕಚೇರಿಯಲ್ಲಿ, ಸಿದ್ಧ ಪ್ರತಿಯನ್ನೇ ಕೈಯಲ್ಲಿ ಕತ್ತರಿಸಿದರೆ ಮಾತ್ರ ಇರುತ್ತದೆ.

"ಕಥೆ ನೋಡಬೇಡಿ. ಕಥೆ ನೋಡಿದರೆ ನೀವು ಪ್ರೇಕ್ಷಕರಾಗುತ್ತೀರಿ. ಪ್ರೇಕ್ಷಕರಿಗೆ ಇಲ್ಲಿ ಸಂಬಳ ಇಲ್ಲ" ಎಂದರು. ಆ ಮಾತು ಚೆನ್ನಾಗಿ ನೆನಪಿದೆ. ಮರೆಯಬಾರದ ಹೊತ್ತಿಗೆ ಸರಿಯಾಗಿ ಮರೆತೆ.

ಆಮೇಲಿನ ವರ್ಷಗಳಲ್ಲಿ ಪೋಲಿಷ್ ರೀಲುಗಳೆಂದರೆ ನನ್ನ ಮೇಜಿಗೇ ಬರುತ್ತಿದ್ದವು. ಚರ್ಚಿನ ಗಂಟೆ ಹೊಡೆಯುತ್ತದೆ, ಚರ್ಚು ಕಾಣುವುದಿಲ್ಲ. ಕಾರ್ಖಾನೆಯ ಗೇಟಿನ ಮುಂದೆ ಯಾರೂ ಇಲ್ಲ, ಕೂಗು ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ನೆಲಮಾಳಿಗೆಯಲ್ಲಿ ಒಬ್ಬನೇ ಕೂತು ಹಗಲೆಲ್ಲ ಇದನ್ನು ಕೇಳಿ ಕೇಳಿ ನನಗೊಂದು ಚಾಳಿ ಅಂಟಿಕೊಂಡಿತು. ಎಸ್-ಬಾನ್ ರೈಲಿನಲ್ಲಿ ಮನೆಗೆ ಹೋಗುವಾಗ ಖಾಲಿ ಸೀಟಿನ ಕಡೆಯಿಂದ ಏನಾದರೂ ಸದ್ದಾದರೆ ಯಾರನ್ನು ತೆಗೆದಿದ್ದಾರೋ ಎಂದು ತಿರುಗಿ ನೋಡುತ್ತಿದ್ದೆ. ಹೆಂಡತಿಗೆ ಹೇಳಿದಾಗ, "ರಜಾ ಹಾಕ್ರಿ ಸ್ವಲ್ಪ ದಿನ, ತಲೆ ಸರಿಹೋಗುತ್ತೆ" ಎಂದಳು. ಒಂದೇ ಒಂದು ಕತ್ತರಿಯೂ ನನ್ನ ಕಣ್ಣು ತಪ್ಪಿಸಿ ಹೋಗಲಾರದು ಎಂದು ಬೆನ್ನು ತಟ್ಟಿಕೊಳ್ಳುತ್ತಿದ್ದ ದಿನಗಳವು.

ಆಗ ಬಂತು ಆ ಊಟದ ಮೇಜಿನ ಚಿತ್ರ.

ಪೂರ್ವ ಬರ್ಲಿನ್ನಿನ ಫಿಲ್ಮ್ ಕ್ಲಬ್ಬುಗಳಿಗೆಂದು ತರಿಸಿದ್ದ ಪ್ರತಿ. ಮಾತು ಪೋಲಿಷ್ಷಿನಲ್ಲೇ, ಕೆಳಗೆ ಜರ್ಮನ್ ಅಕ್ಷರ. ಅದರ ಮೂರನೇ ರೀಲಿನಲ್ಲಿ ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟ. ತಾಯಿ, ತಂದೆ, ಇಬ್ಬರು ಹೆಣ್ಣುಮಕ್ಕಳು ಮೇಜಿನ ಸುತ್ತ ಕೂತಿದ್ದಾರೆ. ಒಂದು ತಟ್ಟೆ ಹೆಚ್ಚಿಗೆ ಇಟ್ಟಿದ್ದಾರೆ, ಅದರ ಮುಂದೆ ಯಾರೂ ಕಾಣುವುದಿಲ್ಲ. ತಾಯಿ ಆ ತಟ್ಟೆಗೆ ಬೀಟ್‌ರೂಟಿನ ಕೆಂಪು ಸಾರು ಬಡಿಸುತ್ತಾಳೆ. ಬಡಿಸಿ ಆ ಕಡೆ ನೋಡುತ್ತಾಳೆ. ಎಲ್ಲರೂ ಆ ಕಡೆಯೇ ನೋಡುತ್ತಾರೆ. ಚಿಕ್ಕ ಮಗಳು ನಗುತ್ತಾಳೆ. ತಂದೆ ಕಣ್ಣು ಒರೆಸಿಕೊಳ್ಳುತ್ತಾನೆ. ನಡುನಡುವೆ ಟಿಣ್ ಎಂದು ಚಮಚ ತಟ್ಟೆಗೆ ತಾಗಿದ ಸದ್ದು, ಒಂದೆರಡು ಸಲ ಯಾರೋ ಉಸಿರೆಳೆದುಕೊಂಡ ಸದ್ದು. ಕ್ಯಾಮೆರಾ ಮತ್ತೆ ಆ ತಟ್ಟೆಗೆ ಬಂದಾಗ ಸಾರು ಅರ್ಧವಾಗಿರುತ್ತದೆ. ಕೊನೆಗೆ ತಟ್ಟೆ ಬರಿದಾಗಿರುತ್ತದೆ.

ನಾನು ಕಥೆ ನೋಡಿಬಿಟ್ಟೆ. ನೋಡಿ ಕಣ್ಣೀರು ಹಾಕಿದೆ.

ನಮ್ಮದು ತುಮಕೂರಿನ ಕಡೆಯ ಹಳ್ಳಿ. ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಎಡೆ ಇಡುತ್ತಿದ್ದೆವು. ತಾತನಿಗೆ ಮುದ್ದೆ, ಕೋಳಿಸಾರು, ಎಲೆಯ ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಎಲ್ಲ ಇಟ್ಟು, ಧೂಪ ಹಾಕಿ, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿಕೊಂಡು ಮನೆಯವರೆಲ್ಲ ಜಗಲಿಯ ಮೇಲೆ ಸುಮ್ಮನೆ ಕೂರುತ್ತಿದ್ದೆವು. ನಾನು ಬಾಗಿಲ ಸಂದಿಗೆ ಕಿವಿ ಇಟ್ಟು, ತಾತ ಉಣ್ಣುವ ಸದ್ದು ಕೇಳುತ್ತದೇನೋ ಎಂದು ಕಾಯುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಕೆಮ್ಮಿ ಬಾಗಿಲು ತೆಗೆಯುತ್ತಿದ್ದರು. ಎಡೆ ಇಟ್ಟ ಹಾಗೇ ಇರುತ್ತಿತ್ತು. ಪ್ರತಿ ವರ್ಷ ನನಗೆ ನಿರಾಸೆ. ಬರ್ಲಿನ್ನಿನ ನೆಲಮಾಳಿಗೆಯಲ್ಲಿ, ಒಂದು ಮಧ್ಯಾಹ್ನ, ನಾನು ಬಾಲ್ಯದಲ್ಲಿ ಕಾದಿದ್ದ ಸದ್ದು ಕೊನೆಗೂ ಕೇಳಿಸಿತ್ತು. ಆ ಮನೆಯವರ ಯಾವನೋ ಹಿರಿಯ ಬಂದು ಉಂಡು ಹೋದ ಎಂದುಕೊಂಡೆ. ಎಂಥ ನಿರ್ದೇಶಕ ಎಂದುಕೊಂಡೆ.

ಬೆರಳಿಗೆ ಜಾಯಿಂಟುಗಳು ಸಿಗಲಿಲ್ಲವೆಂದಲ್ಲ. ಆ ರೀಲಿನಲ್ಲಿ ಮೂವತ್ತಕ್ಕೂ ಹೆಚ್ಚು ಇದ್ದವು, ಊರೂರು ಅಲೆದು ಹರಿದಿದ್ದ ಪ್ರತಿ. ಹರಿದದ್ದಕ್ಕೆ ಹಾಕಿದ ತೇಪೆ ಎಂದು ಬರೆದೆ. ಪ್ರತಿ ಪೂರ್ಣವಾಗಿದೆಯೇ? ಹೌದು. ಸಹಿ.

ಆ ಚಿತ್ರದ ಜೊತೆಗೆ ಒಂದು ಸಣ್ಣ ಡಬ್ಬವೂ ಬಂದಿತ್ತು. ಮೇಲೆ ಜರ್ಮನ್ನಿನಲ್ಲಿ 'ಕಪ್ಪು ಫಿಲ್ಮ್' ಎಂದು ಬರೆದಿತ್ತು. ಅಂದರೆ ಮಧ್ಯೆ ತುಂಬಲು ಇಟ್ಟುಕೊಳ್ಳುವ ಖಾಲಿ ಫಿಲ್ಮು, ಬೆಲೆಯಿಲ್ಲದ್ದು. ಮುಚ್ಚಳ ಸ್ವಲ್ಪ ಎತ್ತಿದರೆ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಚಿತ್ರ ಪೂರ್ಣವಾಗಿದೆ ಎಂದ ಮೇಲೆ ಈ ಕಸವೇಕೆ ಎಂದು ಬಿಚ್ಚಿಯೂ ನೋಡದೆ ಕಸಾತ್ಸಿಯೋನ್ ಪಟ್ಟಿಗೆ, ಎಂದರೆ ಎಸೆಯುವ ಪಟ್ಟಿಗೆ ಸೇರಿಸಿದೆ. ತಳ್ಳುಗಾಡಿಯ ಮೇಲಿಟ್ಟು ಬಾಗಿಲ ಪಕ್ಕ ನಿಲ್ಲಿಸಿದೆ. ತಿಂಗಳ ಕೊನೆಗೆ ಗಾಡಿಯವರು ಬಂದು ಒಯ್ಯುವುದು ಪದ್ಧತಿ.

ಅವರು ಬರುವುದಕ್ಕೆ ನಾಲ್ಕು ದಿನ ಮುಂಚೆ ಎವಾ ಬಂದಳು.

ಮೂವತ್ತರ ಆಸುಪಾಸಿನ ಪೋಲಿಷ್ ಹೆಂಗಸು. ಜರ್ಮನ್ ಚೆನ್ನಾಗಿ ಮಾತಾಡುತ್ತಿದ್ದಳು. ಮಾತು ಶುರು ಮಾಡುವ ಮುಂಚೆ ಪ್ರತಿ ಸಲ ಮೂಗಿನಲ್ಲಿ ಒಂದು ಸಣ್ಣ ಉಸಿರೆಳೆದುಕೊಳ್ಳುತ್ತಿದ್ದಳು, ಕೊನೆಯಲ್ಲಿ ತುಸು ಸಿಳ್ಳೆಯ ಹಾಗೆ. ಕಿವಿಯ ಕೆಲಸ ಮಾಡುವವನಲ್ಲವೇ, ಅದು ನನ್ನ ತಲೆಯಲ್ಲಿ ಉಳಿಯಿತು.

ತನ್ನ ತಂದೆ ಮರೆಕ್ ಎಂಬವರು ನಾಟಕದ ನಟರೆಂದೂ, ಮಾಡಿದ್ದು ಇದೊಂದೇ ಚಿತ್ರವೆಂದೂ ಹೇಳಿದಳು. ಚಿತ್ರ ಬಿಡುಗಡೆಯಾದ ಸ್ವಲ್ಪ ಕಾಲಕ್ಕೆ ಅವರು ನಾಟಕ ತಂಡದ ಜೊತೆ ಪಶ್ಚಿಮಕ್ಕೆ ಹೋಗಿ ಅಲ್ಲೇ ಉಳಿದುಬಿಟ್ಟರಂತೆ. ಹೆಂಡತಿ ಮಗುವನ್ನು ಆಮೇಲೆ ಕರೆಸಿಕೊಳ್ಳುವ ಆಸೆ. ಸರ್ಕಾರ ಬಿಡಲಿಲ್ಲ. ಅವರು ಸ್ಟುಟ್‌ಗಾರ್ಟಿನ ಕಾರು ಕಾರ್ಖಾನೆಯೊಂದರಲ್ಲಿ ದುಡಿಯುತ್ತಾ ತೀರಿಕೊಂಡರು. ಎವಾಳಿಗೆ ಅವರ ಮುಖದ ನೆನಪಿಲ್ಲ, ಧ್ವನಿಯ ನೆನಪೂ ಇಲ್ಲ.

"ಅಪ್ಪ ಆ ಊಟದ ಮೇಜಿನಲ್ಲಿ ಕೂತಿದ್ದರು ಅಂತ ಅಮ್ಮ ಹೇಳುತ್ತಾಳೆ" ಎಂದಳು. "ದೊಡ್ಡ ಮಗನ ಪಾತ್ರ. ಪೋಲೆಂಡಿನಲ್ಲಿರುವ ಪ್ರತಿ ನೋಡಿದೆ, ಅವರಿಲ್ಲ. ಹೆಸರೂ ಇಲ್ಲ. ನಿಮ್ಮ ಪ್ರತಿ ಬೇರೆ ಇರಬಹುದೇನೋ ಅಂತ ಬಂದೆ."

ಮೂರನೇ ರೀಲು ಹಾಕಿ ತೋರಿಸಿದೆ. ಅವಳು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು ನೋಡಿದಳು. ಚಮಚದ ಸದ್ದು ಬಂದಾಗ ತಿರುಗಿದಳು.

"ಆ ತಟ್ಟೆಯಲ್ಲಿ ತಿನ್ನುತ್ತಾ ಇರೋದು ಯಾರು?"

ನಾನು, ಮೇಷ್ಟರ ಹಾಗೆ, ಅವಳಿಗೆ ಅವಳ ನಾಡಿನ ಹಬ್ಬವನ್ನೇ ವಿವರಿಸಿದೆ. ಅದು ಸತ್ತವರ ತಟ್ಟೆ, ಆ ಸದ್ದು ಸತ್ತವರದು, ನಿರ್ದೇಶಕರು ಬೇಕೆಂದೇ ಹಾಗೆ ಮಾಡಿದ್ದಾರೆ ಎಂದೆ.

"ನಮ್ಮಲ್ಲಿ ಆ ತಟ್ಟೆ ಇಡೋದು ಹೇಳದೆ ಬರುವ ಅತಿಥಿಗೆ" ಎಂದಳು ಮೆಲ್ಲಗೆ. "ಬದುಕಿರೋರಿಗೆ."

"ಕಲೆಯಲ್ಲಿ ಎರಡೂ ಆಗಬಹುದು" ಎಂದೆ. ಈ ವಾಕ್ಯ ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಆಮೇಲೆ ತಪಾಸಣಾ ಹಾಳೆ ತೆಗೆದು ನನ್ನ ಸಹಿ ತೋರಿಸಿದೆ. ಪ್ರತಿ ಪೂರ್ಣ. ಬೇಕಾದರೆ ನಕಲು ತೆಗೆದುಕೊಳ್ಳಿ ಎಂದೆ. ಅವಳು ತೆಗೆದುಕೊಂಡಳು, ಅಮ್ಮನಿಗೆ ತೋರಿಸಬೇಕು ಎಂದಳು. ಹೋಗುವಾಗ ಬಾಗಿಲ ಬಳಿ ಅವಳ ಕೋಟು ತಳ್ಳುಗಾಡಿಗೆ ಸಿಕ್ಕಿಕೊಂಡಿತು. ನಾನೇ ಎದ್ದು ಬಿಡಿಸಿಕೊಟ್ಟೆ. ನಾಲ್ಕು ದಿನದ ನಂತರ ಗಾಡಿಯವರು ಬಂದರು.

ವರ್ಷಗಳು ಉರುಳಿದವು. ಫ್ರಾವ್ ಲೇಮನ್ ನಿವೃತ್ತರಾದರು, ತೀರಿಕೊಂಡರು. ಮೇಜು ಚಕ್ರಗಳು ಹೋಗಿ ಸ್ಕ್ಯಾನರ್ ಬಂತು. ಕಂಪ್ಯೂಟರ್ ತಾನೇ ಗೀರು ಅಳಿಸುತ್ತದೆ, ಕೊಳೆ ತೆಗೆಯುತ್ತದೆ, ಕರಕರ ಸದ್ದು ಹೋಗಲಾಡಿಸುತ್ತದೆ. ನಾನು ಅದನ್ನು ನೋಡಿ ಮೂಗು ಮುರಿದೆ, ಆಮೇಲೆ ನಾನೂ ನಿವೃತ್ತನಾದೆ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಶ್ವೇತಾ ಸಿಕ್ಕಾಗ, ಅದೇ ನೆಲಮಾಳಿಗೆಗೆ ಸೇರಿದ್ದಾಳೆಂದು ತಿಳಿದು, ಏನೇ ಇದ್ದರೂ ಫೋನ್ ಮಾಡಮ್ಮಾ ಎಂದಿದ್ದೆ.

ಕಳೆದ ವರ್ಷ ಒಂದು ಬೆಳಿಗ್ಗೆ, ಹನ್ನೊಂದು ಗಂಟೆಯಿರಬಹುದು, ಅವಳ ಫೋನ್ ಬಂತು.

"ಅಂಕಲ್, ಫ್ರೀ ಇದೀರಾ? ಒಂದು ಸಣ್ಣ ಡೌಟು. ಒಂದು ಪೋಲಿಷ್ ಫಿಲ್ಮ್ ಕ್ಲೀನ್ ಮಾಡ್ತಾ ಇದೀನಿ. ಡಿನ್ನರ್ ಸೀನು. ಯಾರೂ ಇಲ್ಲದ ಕಡೆ ಸ್ಪೂನ್ ಸೌಂಡ್ ಬರುತ್ತೆ. ಸಾಫ್ಟ್‌ವೇರ್ ಅದನ್ನ ಎರರ್ ಅಂತ ಮಾರ್ಕ್ ಮಾಡಿದೆ. ತೆಗೆದುಬಿಡಲಾ?"

"ಬೇಡಮ್ಮಾ. ಅದು ನಿರ್ದೇಶಕರು ಬೇಕಂತಲೇ ಇಟ್ಟಿರೋದು."

"ಓಕೆ. ಆದ್ರೆ ಒಂದು ವಿಯರ್ಡ್ ಅಂಕಲ್. ಅಂಥದ್ದು ಏಳು ಇದೆ. ಏಳೂ ಒಂದೇ ಲೆಂಗ್ತು. ಇಪ್ಪತ್ತು ಫ್ರೇಮು. ಒಂದು ಜಾಸ್ತಿ ಇಲ್ಲ, ಒಂದು ಕಮ್ಮಿ ಇಲ್ಲ. ಏಳೂ ಒಂದೊಂದು ಜಾಯಿಂಟ್ ಆದ ತಕ್ಷಣಾನೇ ಬರುತ್ತೆ."

ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಇಪ್ಪತ್ತು ಫ್ರೇಮು. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತ ಪಾಠ. ಆ ಕುರ್ಚಿಯಲ್ಲಿ ಸತ್ತವರು ಯಾರೂ ಕೂತಿರಲಿಲ್ಲ. ಅತಿಥಿಯ ಹಾಗೆ ಹೇಳದೆ ಬಂದ ದೊಡ್ಡ ಮಗನಾಗಿ ಎವಾಳ ಅಪ್ಪ ಕೂತಿದ್ದ, ಹೊಟ್ಟೆ ತುಂಬ ಉಂಡಿದ್ದ, ಮಾತಾಡಿದ್ದ, ನಕ್ಕಿದ್ದ. ಅವನು ಪರದೇಶದಲ್ಲಿ ಉಳಿದ ಮೇಲೆ ಪೋಲೆಂಡಿನಲ್ಲಿ ಚಿತ್ರವನ್ನೂ ಸದ್ದನ್ನೂ ಹೊಸದಾಗಿ ಮಾಡಿ ಅವನನ್ನು ಪೂರ್ತಿ ಅಳಿಸಿದ್ದರು. ಇಲ್ಲಿಗೂ ಆದೇಶ ಬಂದಿರಬೇಕು. ಇಲ್ಲಿ ಯಾರೋ ಒಬ್ಬರು ಕೈಯಲ್ಲೇ ಏಳು ತುಂಡು ಕತ್ತರಿಸಿ, ಎಸೆಯಲು ಮನಸ್ಸು ಬಾರದೆ, ಯಾರೂ ಮುಟ್ಟದಿರಲೆಂದು 'ಕಪ್ಪು ಫಿಲ್ಮ್' ಎಂದು ಬರೆದು ಆ ಸಣ್ಣ ಡಬ್ಬದಲ್ಲಿ ಬಚ್ಚಿಟ್ಟಿದ್ದರು. ಆಮೇಲೆ ಅಷ್ಟು ವರ್ಷ ಯಾರೂ ಮುಟ್ಟಿರಲಿಲ್ಲ. ಮುಟ್ಟಿದವನು ನಾನು.

"ಅಂಕಲ್? ಇದೀರಾ?"

"ಏನೂ ಅಳಿಸಬೇಡ. ನಾನು ಬರ್ತೀನಿ."

ಹೊಸ ಮೇಲಧಿಕಾರಿ ಹಳೆಯ ಹಾಳೆ ತಿದ್ದಲಾಗದು ಎಂದರು, ಅನುಬಂಧ ಸೇರಿಸಬಹುದು ಎಂದರು. ಬರೆದೆ: ಪ್ರತಿ ಅಪೂರ್ಣ. ಮೂರನೇ ರೀಲಿನಲ್ಲಿ ಏಳು ಕಡೆ ಒಬ್ಬ ನಟನನ್ನು ತೆಗೆಯಲಾಗಿದೆ. ಹೆಸರು ಮರೆಕ್. ತೆಗೆದ ತುಂಡುಗಳನ್ನು ನಾನು ನೋಡದೆ ಎಸೆದಿದ್ದೇನೆ. ಕೊನೆಯ ವಾಕ್ಯ ಬೇಕಾಗಿರಲಿಲ್ಲ ಎಂದರು ಅವರು. ಇರಲಿ ಎಂದೆ.

ಎವಾಳ ಹಳೆಯ ವಿಳಾಸ ಕಡತದಲ್ಲಿತ್ತು, ಅಲ್ಲಿಗೆ ಪತ್ರ ಬರೆದೆ. ಮೂರು ವಾರದ ಮೇಲೆ ಬಂದಳು. ಕೂದಲು ನರೆತಿತ್ತು. ಅದೇ ಕೋಣೆ. ಶ್ವೇತಾ ಏಳೂ ಸದ್ದುಗಳನ್ನು ಒಂದರ ಹಿಂದೆ ಒಂದು ಜೋಡಿಸಿಟ್ಟಿದ್ದಳು. ಎಲ್ಲ ಸೇರಿ ಆರು ಸೆಕೆಂಡಿಗೂ ಕಡಿಮೆ. ಇಷ್ಟೇ ಸಿಕ್ಕಿದ್ದು ಎಂದು ಮುಂಚೆಯೇ ಹೇಳಿದೆ.

ಕುರ್ಚಿ ಎಳೆದ ಸದ್ದು. ಚಮಚ. ಉಸಿರು. ಚಮಚ. ಒಂದು ಮಾತಿನ ಮೊದಲ ಅಕ್ಷರ, ಗಂಡಸಿನ ಧ್ವನಿ. ಮತ್ತೆ ಉಸಿರು. ನಗುವಿನ ಶುರು.

ಎವಾ ಕಣ್ಣು ಮುಚ್ಚಿಕೊಂಡಿದ್ದಳು. ಇನ್ನೊಮ್ಮೆ ಎಂದಳು. ಶ್ವೇತಾ ಹಾಕಿದಳು. ಹೀಗೆ ಒಂಬತ್ತೋ ಹತ್ತೋ ಸಲ.

"ನೀವು ಕೊಟ್ಟ ಹಾಳೆಯನ್ನ ಅಮ್ಮನ ಮುಂದೆ ಹಿಡಿದೆ" ಎಂದಳು ಆಮೇಲೆ. "ನಾನು ಚಿಕ್ಕವಳಿದ್ದಾಗಿನಿಂದ ಸುಳ್ಳು ಹೇಳಿದ್ದೀಯ, ಅಪ್ಪ ನಟರೇ ಆಗಿರಲಿಲ್ಲ ಅಂದೆ. ಸಹಿ ಇದೆ, ಮುದ್ರೆ ಇದೆ ಅಂದೆ. ಅಮ್ಮ ಆಮೇಲೆ ಅಪ್ಪನ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಾಗೇ ಹೋದಳು."

ಶ್ವೇತಾ ತಲೆ ತಗ್ಗಿಸಿದಳು.

"ಉಳಿದದ್ದೆಲ್ಲ ಎಲ್ಲಿ?" ಎಂದು ಕೇಳಿದಳು ಎವಾ.

ಹೇಳಿದೆ. ಡಬ್ಬದ ವಿಷಯ, ಹೆಸರಿನ ವಿಷಯ, ನಾಲ್ಕು ದಿನದ ವಿಷಯ. ಕ್ಷಮೆ ಕೇಳಿದೆ. ಅವಳು ಕ್ಷಮಿಸಿದೆ ಎನ್ನಲಿಲ್ಲ, ನಾನೂ ಅದನ್ನು ನಿರೀಕ್ಷಿಸಿರಲಿಲ್ಲ.

"ನಾನು ಬಂದ ದಿನ ಅದು ಎಲ್ಲಿತ್ತು?"

ಬಾಗಿಲ ಪಕ್ಕದ ಜಾಗ ತೋರಿಸಿದೆ. ಈಗ ಅಲ್ಲಿ ಏನೂ ಇಲ್ಲ, ಬರೀ ನೆಲ. ಅವಳು ಎದ್ದಳು. ಕೂತ ಕುರ್ಚಿಯಿಂದ ಅಲ್ಲಿಗೆ ನಡೆದಳು. ಆರು ಹೆಜ್ಜೆ. ಅಲ್ಲಿ ನಿಂತು ನಮ್ಮ ಕಡೆ ತಿರುಗಿ, ಏನೋ ಹೇಳಲು ಹೊರಟಳು.

ಮೂಗಿನಲ್ಲಿ ಆ ಸಣ್ಣ ಉಸಿರು, ಕೊನೆಯಲ್ಲಿ ತುಸು ಸಿಳ್ಳೆ.

ಶ್ವೇತಾ ಬೆಚ್ಚಿ ಕೀಬೋರ್ಡಿನ ಕಡೆ ಕೈ ಚಾಚಿದಳು, ರೀಲಿನ ಉಸಿರು ಮತ್ತೆ ಕೇಳಿತೆಂದುಕೊಂಡು, ನಿಲ್ಲಿಸಲು. ಅದು ಆಗಲೇ ನಿಂತಿತ್ತು. ಅವಳು ನನ್ನ ಮುಖ ನೋಡಿದಳು, ನಾನು ಎವಾಳ ಮುಖ ನೋಡಿದೆ. ಎವಾ ಹಾಗೇ ನಿಂತಿದ್ದಳು, ಉಸಿರೆಳೆದುಕೊಂಡು. ಮಾತು ಬರಲಿಲ್ಲ.